ಗಿಟಾರಿನ ಕುದರಿ ಎಲ್ಲಿ ಕುಂದರಸಲಿ

ಬೈಲಹೊಂಗಲ
ತಾ. ೨೫-೧-೨೦೨೫, ಶನಿವಾರ

ನನ್ನವ್ವಾ ಮಿತ್ರಾ,

ಹೆಂಗದಿ? ಮೈಯಾಗ ಆರಾಮ ಐತಿಲ್ಲೋ? ಕಚ್ಛದ ಕಡೆ ಈ ಸಲ ಥಂಡಿ ಭಾಳ ಅಂತ ಟೀವಿಯಾಗ ಹೇಳಿದ್ರು. ಕಿವಿಗೆ ಅರಿವಿ ಕಟ್ಟಿಕೊಂಡು ಹೊರಗ ಬೀಳು. ಆ ಗಾಳಿ ಫ್ಯಾನಿನ ಕಂಬಾ ಏರೋಕಿಂತ ಮೊದಲ ಹೊಟ್ಟಿಗೆ ಏನರೆ ಹಾಕ್ಕೋ, ಬರೇ ಚಹಾದ ಮ್ಯಾಲ ಏರಬ್ಯಾಡ. ನನ್ನ ಮಗಳು ಎಂಬತ್ತು ಮೀಟರ ಎತ್ತರಕ್ಕ ಹೋಗಿ ಮಷೀನಿನ ಬೋಲ್ಟ್ ತಿರುವತಾಳ ಅಂತ ಮಂದಿ ಮುಂದ ದೊಡ್ಡಸ್ತಿಕಿ ಹೇಳತೇನಿ. ಖರೇ ಹೇಳಬೇಕಂದ್ರ ಅದನ್ನ ನೆನಿಸಿದಾಗೊಮ್ಮೆ ಅಂಜಿಕಿ ಬರತೈತಿ. ನಾ ಅಂಗಡಿ ಅಟ್ಟಾ ಏರಬೇಕಂದ್ರ ಏಣಿ ಹಿಡಿಯಾಕ ಒಬ್ಬನ್ನ ಕರಿತೇನಿ. ನಿನಗ ಆ ಧೈರ್ಯ ನಿಮ್ಮವ್ವ ಚನ್ನವ್ವನ ಕಡೆಯಿಂದನ ಬಂದಿರಬೇಕು. ಇಲ್ಲಿ ನನ್ನ ತಬ್ಬೇತು ಛಲೋ ಐತಿ. ಎಡಗೈ ಹೆಬ್ಬೆರಳಿಗೆ ಉಳಿ ತಾಗಿತ್ತು, ಮಾಯ್ದೈತಿ. ಬಿಪಿ ಗುಳಿಗಿ ತಪ್ಪದ ತಗೋತೇನಿ, ನೀ ಕೇಳೋಕಿಂತ ಮೊದಲ ಹೇಳಿಬಿಡತೇನಿ. ರೊಟ್ಟಿ ಬಡಿಯೋದು ಬಿಟ್ಟೇನಿ. ಒಬ್ಬನ ಸಲುವಾಗಿ ಯಾಂವ ಹಿಟ್ಟು ನಾದತಾನ? ಖಾನಾವಳಿಯಿಂದ ತರಸತೇನಿ, ಅರ್ಧಾ ತಿಂತೇನಿ, ಅರ್ಧಾ ನಾಯಿಗೆ ಹಾಕತೇನಿ.

ಫೋನ್ ಇರಾಗ ಕಾಗದಾ ಯಾಕ ಅಂತಿ. ಫೋನಿನ್ಯಾಗ ನಮ್ಮಿಬ್ಬರ ಮಾತು ಹೆಂಗ ಅಂತ ನಿನಗ ಗೊತ್ತ ಐತಿ. ಉಂಡಿ? ಉಂಡೆ. ನೀ? ಉಂಡೆ. ಫೋನ್ ಇಡಲಿ? ಇಡು. ಅದಕ್ಕಿಂತ ಒಂದು ಮಾತು ಹೆಚ್ಚಿಗಿ ಆತಂದ್ರ ನನಗ ಸಿಟ್ಟು ಬರತೈತಿ. ನೀ ಸುಮ್ನಾಗತಿ. ನೀ ಸುಮ್ನಾದ್ರ ನಾ ಮತ್ತಷ್ಟು ಒದರತೇನಿ. ಫೋನ್ ಇಟ್ಟ ಮ್ಯಾಲ ನನ್ನ ನಾನ ಬೈಕೋತ ರಂಧಾ ಹೊಡಿತೇನಿ, ಹಲಿಗಿ ಅರ್ಧಾ ಇಂಚು ಸವದು ಹೋಗಿರತೈತಿ. ಕಾಗದದಾಗ ಆ ತ್ರಾಸಿಲ್ಲ. ಬಾಯಿಗೆ ಬಂದದ್ದು ಕೈಗೆ ಬರೋದ್ರಾಗ ಸಿಟ್ಟು ಅರ್ಧಾ ಇಳದಿರತೈತಿ. ಏಳನೇತ್ತಾ ಬಿಟ್ಟ ಮ್ಯಾಲ ನಾ ಇಷ್ಟುದ್ದ ಬರದದ್ದು ಇದ ಮೊದಲು, ತಪ್ಪು ಕಂಡ್ರ ನಗಬ್ಯಾಡ.

ಈಗ ವಿಷಯಕ್ಕ ಬರತೇನಿ. ನಾ ಮತ್ತೊಂದು ಗಿಟಾರ ಮಾಡಾಕ ಹತ್ತೇನಿ. ತಡಿ, ಹಾಳಿ ಹರದು ಒಗೀಬ್ಯಾಡ, ಪೂರಾ ಓದು. ಯಾರ ಆರ್ಡರೂ ಅಲ್ಲ, ನಿನ್ನ ಸಲುವಾಗಿನ. ನೀ ಊರಿಗೆ ಬರಲಾರದ, ಗಿಟಾರ ಮುಟ್ಟಲಾರದ ಮೂರು ವರ್ಷ ಆಗಾಕ ಬಂತು. ನನಗ ಸಂಗೀತದ ಕಿವೀನ ಇಲ್ಲ, ಅದು ನನ್ನ ಕೈಲಿ ಆಗೋದಲ್ಲ ಅಂತ ನೀ ನಿನ್ನ ಗೆಳತಿ ನೀಲಾನ ಮುಂದ ಹೇಳಿದ್ಯಂತ. ಆಕಿ ಈಗ ಬಸ್ ಸ್ಟ್ಯಾಂಡ್ ಹತ್ರ ಝೆರಾಕ್ಸ ಅಂಗಡಿ ಇಟ್ಟಾಳ. ದಸರಾದಾಗ ನನ್ನ ಆಧಾರ ಕಾರ್ಡು ಝೆರಾಕ್ಸ ಮಾಡಿಕೋತ ಮಾತಿಗೆ ಮಾತು ಬಂದು ಹೇಳಿಬಿಟ್ಳು. ಆವತ್ತಿನಿಂದ ನನಗ ಅನ್ನ ಸೇರವಲ್ದು. ನಿನಗ ಕಿವಿ ಇಲ್ಲ ಅನ್ನೋದು ಖರೇ ಅಲ್ಲವ್ವಾ. ಅದು ನಾ ಮಾಡಿದ ಕೆಲಸಾ. ಅದನ್ನ ಮುಂದ ಬರಿತೇನಿ, ಈಗಲೇ ಬರಿಯಾಕ ಹ್ವಾದ್ರ ಕೈ ಓಡೂದಿಲ್ಲ. ನೀ ಮತ್ತ ಬಾರಸಬೇಕು, ಇಷ್ಟ ನನ್ನ ಆಸೆ. ಅದರ ಸಲುವಾಗಿನ ಈ ಕೆಲಸಾ ಹಿಡದೇನಿ.

ಮೈ ತಯಾರ ಆಗೈತಿ. ಹಳೇ ಟಾಕೀಜ ಕೆಡವಿದಾಗ ಟಿಕೀಟಿನ ಖಿಡಕಿ ಚೌಕಟ್ಟು ತಂದಿಟ್ಟಿದ್ದೆನಲ್ಲ, ಆ ಸಾಗವಾನಿ. ಐವತ್ತು ವರ್ಷ ಮಂದಿ ಕೈ ತಾಗಿ ತಾಗಿ ಎಣ್ಣಿ ಕುಡದಂಗ ಆಗೈತಿ. ಎರಡು ಹಲಿಗಿ ಜೋಡಿಸಿ, ನಿನ್ನ ಹಳೇ ನಕಾಶಿ ಹಾಳಿ ಇಟ್ಟು ಕೊರದೇನಿ. ಕತ್ತು ಹಿಂದಿನ ಗಿಟಾರಿಂದನ, ನೀ ಪಾರ್ಸೆಲ್ ತರಸಿದ್ದು. ಅದನ್ನ ಸುಟ್ಟಿಲ್ಲ ನಾ, ಗೋಣಿಚೀಲದಾಗ ಸುತ್ತಿ ಅಟ್ಟದ ಮ್ಯಾಲ ಇಟ್ಟಿದ್ದೆ. ಅಡ್ಡಪಟ್ಟಿಗೆ ಒಂದೀಟು ಕಿಲಬು ಹತ್ತಿತ್ತು, ಪಾಲಿಶ್ ಪೇಪರಿನಿಂದ ತಿಕ್ಕಿ ತಗದೇನಿ. ಎಲ್ಲಾ ಆಗೈತಿ. ತಂತಿ ಕುಂದರೋ ಕುದರಿ ಒಂದು ಉಳದೈತಿ. ಅಂಗಡಿಯವ್ರು ಬ್ರಿಜ್ ಅಂತಾರ, ತಂತಿ ಬುಡಾ ಕಟ್ಟೋದಕ್ಕ ಟೇಲ್‌ಪೀಸ್ ಅಂತಾರ. ನನಗ ತಂಬೂರಿ ಕುದರಿ ಅಂದ್ರನ ತಿಳಿಯೋದು. ನೀಲಾ ಫೋನಿನ್ಯಾಗ ನೋಡಿ ನೋಡಿ ನಾಕು ನಮೂನಿ ತರಿಸ್ಯಾಳ. ನಾಕೂ ನನ್ನ ಬೇಂಚಿನ ಮ್ಯಾಲ ಸಾಲಾಗಿ ಕುಂತು ಎರಡು ತಿಂಗಳಾತು, ನಾ ಅವನ್ನ ನೋಡತೇನಿ, ಅವು ನನ್ನ ನೋಡತಾವು. ಗಿರಾಕಿ ಬಂದ್ರ, ಏನ್ರಿ ಮಿಸ್ತ್ರಿ, ಬೈಕಿನ ಸಾಮಾನು ಮಾರಾಕ ಹತ್ತೀರೇನ ಅಂತ ಕೇಳತಾರ.

ಒಂದನೇದು ಭಾಳ ಠೀಕಠಾಕ. ಕುದರಿ ಬ್ಯಾರೆ, ಟೇಲ್‌ಪೀಸ್ ಬ್ಯಾರೆ, ಎರಡೂ ಕನ್ನಡಿ ಹಂಗ ಹೊಳಿತಾವು. ಆದ್ರ ಅದಕ್ಕ ಹೆಬ್ಬೆರಳ ಗಾತ್ರದ ನಾಕು ತೂತು ಬೇಕು, ಮತ್ತ ಅದು ಎತ್ತರ ನಿಂದರತೈತಿ, ಕತ್ತಿನ ಬುಡಕ ಬೆಣಿ ಹಾಕಿ ಹಿಂದಕ್ಕ ವಾಲಸಬೇಕು. ನಾ ಕತ್ತು ಸಮಾ ಕುಂದರಿಸಿ ಆಗೈತಿ. ಅದನ್ನ ತಿರುಗಿ ಡಬ್ಬ್ಯಾಗ ಹಾಕಿಟ್ಟೆ. ಎರಡನೇದಕ್ಕ ಒಂದು ಹಿಡಿಕಿ ಐತಿ, ಅದನ್ನ ಒತ್ತಿದ್ರ ಸ್ವರಾ ತೊಟ್ಟಲಾ ತೂಗಿದಂಗ ತೂಗತೈತಿ. ಛಲೋ ಮಜಾ ಐತಿ, ಆದ್ರ ಗಿಟಾರಿನ ಹಿಂದ ಹೊಟ್ಟಿ ಕೊರದು ಸ್ಪ್ರಿಂಗ್ ತುಂಬಬೇಕು, ಮ್ಯಾಲ ಶ್ರುತಿ ಬ್ಯಾರೆ ಮ್ಯಾಲಿಂದ ಮ್ಯಾಲ ಇಳಿತೈತೆಂತ. ಆರ್ಕೆಸ್ಟ್ರಾ ಸೋಮಪ್ಪನ್ನ ಕೇಳಿದ್ದಕ್ಕ, ಅದರ ತಂಟೇಕ ಹೋಗಬ್ಯಾಡ್ರಿ ಲಗಮಪ್ಪಣ್ಣ ಅಂದಾ. ನನಗೂ ಅಷ್ಟ ಬೇಕಾಗಿತ್ತು. ಶ್ರುತಿ ಕೆಟ್ಟದ್ದು ಒಮ್ಮೆ ಸಾಕಾಗೈತಿ ನನಗ.

ಉಳದದ್ದು ಎರಡು. ಒಂದು ಸಪಾಟ ತಗಡಿಂದು, ಮೈಗೆ ಅಂಟಿ ಕುಂದರತೈತಿ, ತಂತಿ ಬೆನ್ನಿನಿಂದ ತೂತಿನ್ಯಾಗ ಹಾದು ಮ್ಯಾಲ ಬರತಾವು. ಗಟ್ಟಿ ಬಂಟ. ಆದ್ರ ಒಮ್ಮೆ ಡ್ರಿಲ್ ಹೊಡದ್ರ ಮುಗೀತು, ಅದರ ಜಾಗಾ ಅದನ. ಸಣ್ಣ ಸ್ಕ್ರೂ ತಿರುವಿ ಮುಂದ ಹಿಂದ ಸರಸಾಕ ಬರತೈತಿ, ಅದೂ ಗೋದಿ ಕಾಳಿನಷ್ಟು. ಇನ್ನೊಂದು ಐತಲ್ಲ, ಅದರ ಟೇಲ್‌ಪೀಸ್ ಗಿಟಾರಿನ ಅಂಚಿಗೆ ಸಿಗಿಸಿ ಜೋತು ಬಿಡೋದು, ಕುದರಿ ಬರೇ ಕಟಿಗಿದು, ಯಾವ ಮೊಳೀನೂ ಇಲ್ಲ, ತಂತಿ ಒತ್ತಿಗೆ ನಿಂದರತೈತಿ. ಬೇಕಾದ್ರ ಬೆರಳಿಲೆ ಸರಸಬಹುದು. ನೋಡಿದ ಕೂಡಲೆ ನನ್ನ ಜೀವಾ ಅದರ ಮ್ಯಾಲ ಹೋತು. ಮೈಗೆ ಒಂದೂ ತೂತಿಲ್ಲ! ನಾ ಏನರೆ ತಪ್ಪು ಮಾಡಿದ್ರೂ ಮಗಳು ಬಂದು ಸರಿಸಿಕೋತಾಳ. ನಲವತ್ತು ವರ್ಷ ಕಟಿಗಿ ಕೊರದಂವಗ ಡ್ರಿಲ್ ಹಿಡಿಯಾಕ ಅಂಜಿಕಿ ಅಂದ್ರ ಯಾರರೆ ನಂಬತಾರೇನವ್ವಾ? ಆದ್ರ ಅದನ ಖರೇ. ಮೂರು ಸಲ ಡ್ರಿಲ್ ಹಿಡದು ಗಿಟಾರಿನ ಮುಂದ ನಿಂತು ಮೂರು ಸಲ ವಾಯರ್ ಕಿತ್ತಿಟ್ಟೇನಿ.

ಸೋಮಪ್ಪ ಎರಡನ್ನೂ ಕೈಯಾಗ ಹಿಡದು ನೋಡಿ ಒಂದು ಪ್ರಶ್ನೆ ಕೇಳಿದಾ. ಜೋತು ಬಿಡೋ ನಮೂನಿ ಹಗೂರ ಕೈಯವ್ರಿಗೆ ಭಾಳ ಛಲೋ, ಆದ್ರ ಬಾರಸೋವಾಗ ಅಂಗೈ ಕುದರಿ ಮ್ಯಾಲ ಊರೋ ಚಟ ಇದ್ರ ಅದು ಜರಗತೈತಿ, ಅಂಥವ್ರಿಗೆ ತಗಡಿಂದನ ಬೇಕು. ಮಿತ್ರಾ ಅಂಗೈ ಊರತಾಳೋ ಇಲ್ಲೋ ಅಂದಾ. ನನಗ ಗೊತ್ತಿಲ್ಲ. ದೊಡವಾಡದ ಯಾವ ರೈತ ಸಲಿಕಿ ಕಾವು ಎಲ್ಲಿ ಹಿಡಿತಾನ ಅಂತ ನನಗ ಗೊತ್ತೈತಿ, ಯಾರ ಕುಡಗೋಲಿನ ಹಿಡಿ ಎಷ್ಟು ಸವದೈತಿ ಅಂತ ಕಣ್ಣು ಮುಚ್ಚಿ ಹೇಳತೇನಿ. ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳ ಕೈ ಗಿಟಾರಿನ ಮ್ಯಾಲ ಎಲ್ಲಿ ಕುಂದರತೈತಿ ಅಂತ ಗೊತ್ತಿಲ್ಲ. ನೀ ಹಿಂದಿನ ಖೋಲ್ಯಾಗ ಕುಂತು ಎರವು ತಂದ ಹಳೇ ಗಿಟಾರ ಬಾರಸೋವಾಗ ನಾ ಅಂಗಡ್ಯಾಗಿಂದ ಬಾಗಲಾ ಹಾಕ್ಕೋ ಅಂತ ಒದರತಿದ್ದೆ, ಗಿರಾಕಿ ಏನಂದಾರು ಅಂತ. ಆರು ವರ್ಷ ಬಾಗಲಾ ಹಾಕ್ಕೊಂಡನ ಬಾರಿಸಿದಿ. ಒಮ್ಮೆಯಾದ್ರೂ ಒಳಗ ಬಂದು ನಿನ್ನ ಮುಂದ ಕುಂದರಲಿಲ್ಲ ನಾ. ಸೋಮಪ್ಪ ಚಹಾ ಕುಡದು ಹೋದಾ.

ಹೋಗಲಿ, ಬ್ಯಾರೆಯವ್ರ ಕೈ ಆದ್ರೂ ನೋಡೋಣ ಅಂತ ಸೋಮಪ್ಪನ ಆರ್ಕೆಸ್ಟ್ರಾ ಎಲ್ಲಿ ಇರತೈತಿ ಅಲ್ಲಿ ಹೋಗಾಕ ಚಾಲೂ ಮಾಡಿದೆ. ನಗಬ್ಯಾಡ. ರಾಮದುರ್ಗದಾಗ ಒಂದು ಮದುವಿ, ಸವದತ್ತಿಯಾಗ ಒಂದು, ಸುರೇಬಾನದಾಗ ಒಂದು. ಸುರೇಬಾನದಾಗ ಸ್ಟೇಜಿಗೆ ಹತ್ತಿಕೊಂಡು ನಿಂತು ಗಿಟಾರಿನ ಹುಡುಗನ ಕೈನ ನೋಡಾಕ ಹತ್ತಿದ್ದೆ. ಅಂವ ಪಾಪ ಅಂಜಿಕೊಂಡು ಎರಡು ಸಲ ತಂತಿ ತಪ್ಪಿದಾ. ಅಷ್ಟರಾಗ ರುಮಾಲಿನ ಯಜಮಾನರೊಬ್ಬರು ಬಂದು, ನೀವು ಹುಡುಗನ ಕಡೆಯವ್ರೋ ಹುಡುಗಿ ಕಡೆಯವ್ರೋ ಅಂತ ಕೇಳಿದ್ರು. ನಾ ಗಿಟಾರ ಕಡೆಯಂವ್ರಿ ಅಂದೆ. ಅವರು ನಕ್ಕು ನಕ್ಕು ಕೈ ಹಿಡದು ಊಟಕ್ಕ ಕರಕೊಂಡು ಹ್ವಾದ್ರು. ಬುಂದೆ, ಬದನಿಕಾಯಿ ಎಣಗಾಯಿ, ಛಲೋ ಇತ್ತು. ಸಾಲಿನ್ಯಾಗ ಎಡಕ್ಕ ಬಲಕ್ಕ ಅಪ್ಪ ಮಗಳು, ಅಪ್ಪ ಮಗಳು. ಒಬ್ಬಾಕಿ ತನ್ನ ಎಲಿಯೊಳಗಿನ ಹಪ್ಪಳಾ ಮುರದು ಅಪ್ಪನ ಎಲಿಗೆ ಹಾಕಿದ್ಳು. ನಾ ಅರ್ಧಕ್ಕ ಎದ್ದು ಕೈ ತೊಳಕೊಂಡು ಕಡೇ ಬಸ್ಸಿಗೆ ಬಂದೆ. ಬಸ್ಸಿನ್ಯಾಗ ಭಾಳ ಒಬ್ಬಂಟಿ ಅನಿಸಿತವ್ವಾ. ಇಷ್ಟು ವರ್ಷದಾಗ ನಿಮ್ಮವ್ವ ಹೋದ ವಾರಾ ಬಿಟ್ರ ಅಷ್ಟು ಒಬ್ಬಂಟಿ ಎಂದೂ ಅನಿಸಿರಲಿಲ್ಲ. ಮೂರು ಮದುವಿ ಉಂಡು ಬಂದೆ, ನಿನ್ನ ಕೈ ಎಲ್ಲಿ ಕುಂದರತೈತಿ ಅನ್ನೋದು ಮಾತ್ರ ತಿಳೀಲಿಲ್ಲ.

ಈಗ ಆ ಮಾತು ಬರಿತೇನಿ. ಇನ್ನ ಮುಂದ ದೂಡಿದ್ರ ಇದು ಬರೇ ಸಾಮಾನಿನ ಕಾಗದಾ ಆಗಿಬಿಡತೈತಿ.

ಅಂಬೇಡ್ಕರ್ ಜಯಂತಿ ಸಂಜಿಮುಂದ ನಮ್ಮ ಓಣ್ಯಾಗ ನೀ ಬಾರಿಸಿದ್ದು ನೆನಪೈತಿಲ್ಲ. ಹೆಂಗ ಮರಿತಿ. ಬಣ್ಣಾ ಒಣಗಲಿಲ್ಲ ಅಂತ ನಾ ಮಾಡಿದ ಆ ಮೊದಲಿನ ಗಿಟಾರ ನಿನ್ನ ಕೈಯಾಗ ಕೊಟ್ಟದ್ದು ಅದ ದಿನಾ ಸಂಜಿಗೆ. ಬರೇ ಖಾಲಿ ತಂತಿ ಶ್ರುತಿ ಮಾಡಿಕೊಳ್ಳಾಕ ಅಷ್ಟ ಯಾಳೆ ಇತ್ತು ನಿನಗ. ಮೊದಲಿನ ನುಡಿ ಛಲೋ ಬಂತು, ಕೆಳಗಿನ ಪಟ್ಟ್ಯಾಗ ಇದ್ದಿ. ಕೈ ಮ್ಯಾಲ ಮ್ಯಾಲ ಹೋದಂಗ ಸ್ವರಾ ಇಳಿಯಾಕ ಹತ್ತಿತು. ಸೋಮಪ್ಪ ಕೀಬೋರ್ಡಿನಿಂದ ತಿರುಗಿ ನಿನ್ನ ನೋಡಿದಾ. ಹುಡುಗೂರು ಶಿಳ್ಳಿ ಹಾಕಿದ್ರು, ಯಾರೋ ಬೇಸೂರಿ ಅಂತ ಒದರಿದಾ, ಅದ ಹೆಸರು ಓಣ್ಯಾಗ ನಿಂತಬಿಟ್ಟಿತು. ನೀ ಹಾಡು ಅರ್ಧಕ್ಕ ಬಿಟ್ಟು ಇಳದು ಬಂದಿ. ಮನಿಗೆ ಬಂದು ನನ್ನ ಕೇಳಿದಿ, ಅಪ್ಪಾ, ಕುದರಿ ಗುರುತು ನಾ ತಪ್ಪು ಹಾಕಿ ಕೊಟ್ಟಿದ್ನೇನು ಅಂತ. ನಾ ಅಂದೆ, ನೀ ಎಲ್ಲಿ ಗುರುತು ಹಾಕಿದ್ದಿ ಅಲ್ಲೇ ತೂತು ಹಾಕೇನಿ, ಅದರಾಗ ನಂದೇನೈತಿ.

ಸುಳ್ಳು ಹೇಳಿದೆ. ನೀ ಹಾಕಿದ ಗುರುತಿನ ಮ್ಯಾಲ ನಾ ತೂತು ಹಾಕಿರಲಿಲ್ಲ.

ನೀ ಕತ್ತಿನ ತುದಿ ಪಟ್ಟಿಯಿಂದ ಇಪ್ಪತ್ತೈದೂವರಿ ಇಂಚಿಗೆ ಪೆನ್ಸಿಲ್ ಗೆರಿ ಎಳದು ಕೊಟ್ಟಿದ್ದಿ. ನಾ ಸುಮ್ನ ಕುಂದರಬೇಕಿಲ್ಲ? ಅಳತಿ ಶುಭವೋ ಅಶುಭವೋ ಅಂತ ಆಯಾ ನೋಡಾಕ ಬೆರಳಿನ ಲೆಕ್ಕಕ್ಕ ಹಾಕಿದೆ. ಮುಕ್ಕಾಲು ಇಂಚಿಗೆ ಒಂದು ಬೆರಳು, ಅಂದ್ರ ಮೂವತ್ನಾಕು ಬೆರಳು. ಎಂಟೆಂಟು ಕಳಕೋತ ಹೋದ್ರ ಎರಡು ಉಳಿತೈತಿ. ಎರಡು ಉಳದ್ರ ಧೂಮ್ರಾಯ, ಅಶುಭದ ಹೊಗಿ ಅಳತಿ. ಹೊರಸಾಗಲಿ, ತೊಟ್ಟಲಾಗಲಿ, ಬಾಗಲಾಗಲಿ, ಧೂಮ್ರಾಯದಾಗ ಒಂದು ಕೆಲಸಾನೂ ನನ್ನ ಅಂಗಡಿಯಿಂದ ಹೊರಗ ಹೋಗಿಲ್ಲ. ಮಗಳು ಮೊದಲ ಸಲ ಮಂದಿ ಮುಂದ ಹಿಡಿಯೋ ವಸ್ತು ಹೊಗಿ ಅಳತಿಯಾಗ ಇರೋದಾ? ಒಂದು ಬೆರಳು ಕೆಳಗ ಸರಸಿದೆ. ಮೂವತ್ತೈದು, ಉಳದದ್ದು ಮೂರು, ಸಿಂಹಾಯ. ನನ್ನ ಮಗಳು ಸಿಂಹದಂಗ ನಿಂದ್ರಲಿ ಅಂತ ಖುಷಿಲೆ ಡ್ರಿಲ್ ಹೊಡದೆ. ನಿನ್ನ ಪೆನ್ಸಿಲ್ ಗೆರಿ ಪಾ‌ಲಿಶ್ ಪೇಪರಿನಿಂದ ತಿಕ್ಕಿ ಅಳಿಸಿದೆ. ಕತ್ತಿನ ಮ್ಯಾಲಿನ ಅಡ್ಡಪಟ್ಟಿ ಎಲ್ಲಾ ನಿನ್ನ ಗೆರಿಗೆ ಕೂಡೋ ಲೆಕ್ಕದಾಗ ಫ್ಯಾಕ್ಟರ್ಯಾಗನ ಬಡದಿರತಾವು, ಕುದರಿ ಒಂದು ಬೆರಳು ಸರದ್ರ ಯಾವ ಪಟ್ಟಿ ಒತ್ತಿದ್ರೂ ಸ್ವರಾ ಇಳಿತೈತಿ, ಮ್ಯಾಲ ಹೋದಷ್ಟೂ ಹೆಚ್ಚಿಗಿ ಇಳಿತೈತಿ ಅಂತ ನಾ ವಿಚಾರ ಮಾಡಲಿಲ್ಲ. ನಿನ್ನ ಕಿವಿ ಸರಿ ಇತ್ತು. ನಿನ್ನ ಕೈ ಸರಿ ಇತ್ತು. ನಿನ್ನ ಲೆಕ್ಕಾ ಕೂದಲೆಳಿಯಷ್ಟೂ ತಪ್ಪಿರಲಿಲ್ಲ.

ಸ್ಟೇಜಿನ ಕೆಳಗ ನಿಂತಾಗನ ನನಗ ತಿಳೀತು. ಶಿಳ್ಳಿ ಬಿದ್ದ ಕೂಡಲೆ ನನ್ನ ಕಣ್ಣು ಕುದರಿ ಮ್ಯಾಲನ ಹೋತು. ಆದ್ರೂ ಯಾಕ ಸುಳ್ಳು ಹೇಳಿದೆ? ನೀ ಬಾಯಿ ಬಿಟ್ಟು ಕೇಳದಿದ್ರೂ ಹೇಳತೇನಿ. ಸಿರಸಂಗಿಯ ಯಮನಪ್ಪ ಮಿಸ್ತ್ರಿ ಕಡೆ ಹನ್ನೊಂದು ವರ್ಷ ಕೆಲಸಾ ಕಲತೆ ನಾ. ರಂಧಾ ಕಲಸಿದ್ರು, ಉಳಿ ಕಲಸಿದ್ರು, ತೊಲಿ ಜೋಡಸೋದು ಕಲಸಿದ್ರು. ಆಯಾ ತಗಿಯೋದು ಮಾತ್ರ ಕಲಸಲಿಲ್ಲ. ಅದನ್ನ ಕೇರಿ ಹುಡುಗಗ ಕಲಸಿದ್ರ ಅವರ ಮಂದಿ ಏನಂದಾರು ಅಂತ ಅವರಿಗೂ ಅಂಜಿಕಿ. ಅದು ಬರಲಿಲ್ಲಂದ್ರ ಬಾಗಲಾ ಚೌಕಟ್ಟು, ಹೊಸ್ತಲಾ ಯಾರೂ ಕೊಡತಿದ್ದಿಲ್ಲ. ಲಗಮಗ ಕಪಾಟು ಕೊಡ್ರಿ, ಬಾಗಲಾ ಬ್ಯಾಡ್ರಿ ಅಂತಿದ್ರು. ಅವರು ಹಾಸಗಿ ಹಿಡದಾಗ ನಾ ಬಗಲಾಗ ಕುಂತು ಗಂಜಿ ಕುಡಸತಿದ್ದೆ. ಒಂದು ದಿನಾ ನನ್ನ ಬಲಗೈ ಹಿಡದು, ಬೆರಳು ಒಂದೊಂದ ಮಡಚಿ, ಎಂಟೂ ಆಯಾ ಹೇಳಿಕೊಟ್ರು. ಹೊರಗ ಬಂದು ಅವರ ಮನಿ ಗ್ವಾಡಿಗೆ ತಲಿ ಇಟ್ಟು ಅತ್ತಿದ್ದೆ. ಆವತ್ತಿನಿಂದ ನಾ ಪೂರಾ ಮಿಸ್ತ್ರಿ. ಬುದ್ಧವಂದನಾ ಹೇಳೋ ಬಾಯಿಲೆ ಧೂಮ್ರಾಯ ಕಾಕಾಯ ಅಂತಿಯಲ್ಲಪ್ಪಾ ಅಂತ ನೀ ಚಾಷ್ಟಿ ಮಾಡತಿದ್ದಿ. ನೀ ಅಂದದ್ದು ಸರಿ. ಆದ್ರ ಅದು ನನಗ ದೇವರ ಮಾತಾಗಿರಲಿಲ್ಲವ್ವಾ, ನನ್ನ ಸರ್ಟಿಫಿಕೇಟ ಆಗಿತ್ತು. ಲಗಮಪ್ಪ ಆಯಾ ತಗದು ಮಗಳ ಗಿಟಾರ ಕೆಡಸಿದಾ ಅಂತ ಸುದ್ದಿ ಆತಂದ್ರ ಮತ್ತ ಬರೇ ಕಪಾಟಿನ ಲಗಮ ಆಗತೇನಿ ಅಂತ ಅಂಜಿದೆ. ನನ್ನ ಹೆಸರು ಉಳಿಸಿಕೊಳ್ಳಾಕ ನಿನ್ನ ಕಿವಿ ಕಳದೆ.

ಮರುದಿನಾ ಮುಂಜಾನೆ ನೀ ಅಂದಿ, ಅದನ್ನ ಒಲಿಗೆ ಹಾಕಪ್ಪಾ ಅಂತ. ನಾ ಎರಡನೇ ಮಾತಾಡಲಿಲ್ಲ. ಕತ್ತು ಬಿಚ್ಚಿ ತಗದು ಮೈ ಕೊಯ್ದು ನೀರೊಲಿಗೆ ತುಂಬಿದೆ. ಒಂದು ಕೊಡ್ಲಿ ಕಾವು ಮುರದ್ರೂ ಒಗಿಯಾಕ ಮನಸ್ಸು ಬರಲಾರದ ಮನಷ್ಯಾ ನಾ, ಯಾಕ ಅಷ್ಟು ಲಗೂನ ಸುಟ್ಟೆ ಅಂತ ನೀ ಅನುಮಾನ ಪಡಲಿಲ್ಲ. ಟೇಪ್ ಹಿಡದು ಅಳದಿ ಅಂದ್ರ ಗೊತ್ತಾಗತಿತ್ತು, ಅದಕ್ಕ. ಆ ನೀರಿಲೆ ನೀ ಜಳಕಾ ಮಾಡಿ ಕೆಲಸದ ಇಂಟರ್ವ್ಯೂಕ ಹ್ವಾದಿ. ಇದನ್ನ ಬರಿಯೋವಾಗ ನನಗ ನನ್ನ ಮ್ಯಾಲ ಹೇಸಿಕಿ ಬರಾಕ ಹತ್ತೈತಿ. ಮೂರು ವರ್ಷ ಪ್ರತಿ ಸಲ ಫೋನಿನ್ಯಾಗ ಉಂಡಿ ಅಂತ ಕೇಳಿದಾಗೂ ಈ ಮಾತು ನೆನಪಿಗೆ ಬರತಿತ್ತು, ಅದಕ್ಕ ಸಿಟ್ಟು ಮಾಡತಿದ್ದೆ. ಸಿಟ್ಟು ನಿನ್ನ ಮ್ಯಾಲ ಎಂದೂ ಇರಲಿಲ್ಲ.

ಈ ಸಲ ಬೆರಳಿನ ಲೆಕ್ಕಾ ಹಾಕಿಲ್ಲ. ನೀ ಹೇಳಿದ ಇಪ್ಪತ್ತೈದೂವರಿ ಇಂಚಿಗೆ, ನೀ ಎಳದಂಗ ಸಣ್ಣ ಗೆರಿ ಎಳದೇನಿ. ಅಲ್ಲಿಂದ ದಪ್ಪ ತಂತಿ ಕಡೆ ಒಂದು ನೂಲೆಳಿಯಷ್ಟು ಹಿಂದ ಇರಬೇಕಂತ ಸೋಮಪ್ಪ ಹೇಳ್ಯಾನ, ಅದನ್ನೂ ಗುರುತು ಮಾಡೇನಿ. ಆ ಗೆರಿ ಯಾರ ಕೈಗೂ ಅಳಿಸೂದಿಲ್ಲ, ಚೂಪು ಕಬ್ಬಣದಿಂದ ಗೀರೇನಿ. ಇನ್ನ ಆ ಗೆರಿ ಮ್ಯಾಲ ತಗಡಿಂದು ಕುಂದರಸಲೋ, ಕಟಿಗಿದು ನಿಂದರಸಲೋ, ನೀ ಹೇಳಬೇಕು. ಈ ಕಾಗದದ ಜೊತಿ ಒಂದು ಖಾಕಿ ಹಾಳಿ ಮಡಚಿ ಇಟ್ಟೇನಿ, ಗಿಟಾರಿನ ಮೈ ಪೂರಾ ಅಳತಿಲೆ ಬರದೇನಿ. ಅದನ್ನ ತೊಡಿ ಮ್ಯಾಲ ಇಟ್ಟುಕೊಂಡು, ಬಾರಸೋವಾಗ ಕೈ ಹೆಂಗ ಇಡತಿದ್ದಿ ಹಂಗ ಇಟ್ಟು, ಸುತ್ತಲೂ ಪೆನ್ಸಿಲ್ ತಿರುವು. ಊರತಿದ್ರ ಊರತೇನಿ ಅಂತ ಬರಿ, ಹಗೂರ ಇದ್ರ ಹಗೂರ ಅಂತ ಬರಿ. ನಿನ್ನ ಕೈ ಕಂಬಾ ಏರಿ ಏರಿ ಈಗ ಬಿರುಸಾಗಿರಬೇಕು, ಇರಲಿ. ಹೆಂಗೈತಿ ಹಂಗ ಬರದು ಕಳಸು. ನಿನ್ನ ಕೈ ನೋಡಲಾರದ ಈ ಕೆಲಸಾ ಮುಂದ ಸಾಗೂದಿಲ್ಲ, ಅಂದಾಜಿಲೆ ಮಾಡೋ ಮಿಸ್ತ್ರಿಕಿ ನಾ ಬಿಟ್ಟೇನಿ.

ನೀಲಾ ಕೇಳ್ಯಾಳ, ಆಕಿ ಸಣ್ಣ ಮಗಳಿಗೆ ಹಲ್ಲು ಬಂದಾವು. ಸೋಮಪ್ಪನೂ ಕೇಳ್ಯಾನ. ಕಂಬದ ಮ್ಯಾಲ ಹ್ವಾದಾಗ ಸೊಂಟದ ಪಟ್ಟಾ ಎರಡು ಸಲ ಜಗ್ಗಿ ನೋಡು. ಯಾಳ್ಯಾಕ ಸರಿಯಾಗಿ ಉಣ್ಣು, ಜೀವಾ ಜ್ವಾಕಿ. ನಿನಗ ಎಲ್ಲಾ ಮಂಗಲ ಆಗಲಿ ನನ್ನವ್ವಾ. ಕ್ಷಮಾ ಮಾಡು ಅಂತ ಬರಿಯಾಕ ನನಗ ಹಕ್ಕಿಲ್ಲ, ಆದ್ರೂ ಬರದೇನಿ.

ಜೈಭೀಮ.

ನಿನ್ನ ಅಪ್ಪ,
ಲಗಮಪ್ಪ

ತಾ.ಕ.: ಇದು ಐತವಾರ ಮಧ್ಯಾಹ್ನ ಬರಿಯಾಕ ಹತ್ತೇನಿ, ನಾಳೆ ಪೋಸ್ಟಿಗೆ ಹಾಕತೇನಿ, ಅಕ್ಷರಾ ಹೆಂಗ್ಯಾಂಗ ಬಂದ್ರೂ ಓದಿಕೋ. ಮುಂಜಾನೆ ನಮ್ಮ ಓಣ್ಯಾಗ ಇಪ್ಪತ್ತಾರರ ಝೇಂಡಾ ಏರಿಸಿದ್ರು. ಸಂವಿಧಾನದ ಪೀಠಿಕಾ ಓದಿದ ಮ್ಯಾಲ ಯಾರರೆ ಎರಡು ಮಾತು ಹೇಳತೀರೇನ್ರಿ ಅಂದ್ರು. ನಾ ಹ್ವಾದೆ. ಜಯಂತಿ ದಿನಾ ನನ್ನ ಮಗಳು ತಪ್ಪು ಬಾರಸಿಲ್ಲ, ಆಕಿ ಅಳತಿ ಸರಿ ಇತ್ತು, ನಾ ಆಯಾ ನೋಡಿ ಒಂದು ಬೆರಳು ಸರಸಿ ಕೆಡಸಿದೆ, ಕೇಳಿದ್ರ ಸುಳ್ಳು ಹೇಳಿದೆ ಅಂತ ಎಲ್ಲಾರ ಮುಂದ ಮೈಕಿನ್ಯಾಗ ಹೇಳಿದೆ. ಆಮ್ಯಾಲ ಹಿಂದಿನಿಂದ ಯಾರೋ, ಹಂಗಾರ ನಮ್ಮ ಮನಿ ಬಾಗಲಾನೂ ಬೇಸೂರ ಏನ್ರಿ ಮಿಸ್ತ್ರಿ ಅಂದಾ, ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ನಮ್ಮ ಓಣಿ ತಂಗೆವ್ವ ಮನಿ ಮುಂದ ನನ್ನ ತಡದು, ತನ್ನ ಹೊಸ ಮನಿ ಹೊಸ್ತಲಾ ಕೆಲಸಾ ಸದ್ಯಕ ಬ್ಯಾಡ ಅಂದ್ಳು. ಇರಲಿ. ಇನ್ನ ಮ್ಯಾಲ ಓಣ್ಯಾಗ ನಗೋದು ನನ್ನ ನೋಡಿ, ನಿನ್ನ ನೋಡಿ ಅಲ್ಲ. ನೀ ಊರಿಗೆ ಬರಾಕ ಈಗ ಅಡ್ಡ ಏನೂ ಉಳದಿಲ್ಲವ್ವಾ, ನನ್ನ ಮ್ಯಾಲಿನ ಸಿಟ್ಟೊಂದು ಬಿಟ್ರ. ಅದನ್ನೂ ಕಟಗೊಂಡು ಬಾ.